ಸ್ಟೆಂಟ್ ಹಾಕಿದ ಮೇಲಿನ ರಾತ್ರಿಗಳು

ಎಲ್ಲರಿಗೂ ನಮಸ್ಕಾರ. ನಾನು ಹೃದಯದ ವಾರ್ಡಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದ ನರ್ಸ್. ಇವತ್ತಿನ ವಿಷಯ ವಯಸ್ಸಾದವರ ಹಾರ್ಟ್ ಅಟ್ಯಾಕ್. ಆಪರೇಷನ್ನಿನ ಮಾತು ಕಡಿಮೆ, ಮಂಚದ ಪಕ್ಕದ ಮಾತು ಜಾಸ್ತಿ.

ವಯಸ್ಸಾದವರು ಎದೆ ಹಿಡಿದುಕೊಂಡು ಕುಸಿಯಲಿ ಅಂತ ಕಾಯಬೇಡಿ. ಎಷ್ಟೋ ಅಜ್ಜಿಯರಿಗೆ ಹಾರ್ಟ್ ಅಟ್ಯಾಕ್ ಆದಾಗ ಎದೆನೋವೇ ಇರುವುದಿಲ್ಲ. ಸುಸ್ತು, ಬೆವರು, ಏದುಸಿರು, ಹೊಟ್ಟೆ ಉರಿ, ಅಷ್ಟೇ. ಸಕ್ಕರೆ ಕಾಯಿಲೆ ಇದ್ದವರಲ್ಲಂತೂ ಇದು ಇನ್ನೂ ಜಾಸ್ತಿ. ಮನೆಯವರು ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿಸಿ ಮಲಗಿಸಿ, ಬೆಳಗ್ಗೆ ಕರೆದುಕೊಂಡು ಬರುತ್ತಾರೆ. ಆಸ್ಪತ್ರೆ ಬಾಗಿಲು ದಾಟಿದ 10 ನಿಮಿಷದಲ್ಲಿ ಇಸಿಜಿ ಆಗಬೇಕು. ಆಗದಿದ್ದರೆ ಬಾಯಿಬಿಟ್ಟು ಕೇಳಿ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯವರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆದರೆ 75 ವರ್ಷ ದಾಟಿದವರಿಗೆ ಅದರಿಂದ ಮಿದುಳಿನಲ್ಲಿ ರಕ್ತ ಸೋರುವ ಭಯ ಹೆಚ್ಚು, ಸಾಮಾನ್ಯವಾಗಿ ಅರ್ಧ ಡೋಸ್ ಕೊಡುತ್ತಾರೆ. ಅದಕ್ಕೇ ವಯಸ್ಸು ಕೇಳಿದಾಗ "ಎಪ್ಪತ್ತೋ ಎಂಬತ್ತೋ" ಅನ್ನಬೇಡಿ.

ನನ್ನ ಅಪ್ಪನ ವಿಷಯ ಹೇಳಲೇಬೇಕು. ಬೇರೆ ಊರಿನ ಆಸ್ಪತ್ರೆ, ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್, ಚೆನ್ನಾಗಿಯೇ ಕೂತಿತ್ತು. ಎರಡನೇ ರಾತ್ರಿ ಐಸಿಯುನಲ್ಲಿ ಅಪ್ಪ "ಹಸು ಕಟ್ಟಬೇಕು ಬಿಡ್ರೋ" ಅಂತ ಕೂಗಿ ಡ್ರಿಪ್ ಕಿತ್ತರಂತೆ. ಬೆಳಗ್ಗೆ ನಾನು ಹೋದಾಗ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ಆ ಕೈ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಇದಕ್ಕೆ ಡೆಲಿರಿಯಂ ಅಂತಾರೆ. ನಿದ್ದೆ ಇಲ್ಲ, ಹಗಲೂ ರಾತ್ರಿಯೂ ಅದೇ ಟ್ಯೂಬ್‌ಲೈಟ್, ಗುರುತಿನ ಮುಖ ಒಂದೂ ಇಲ್ಲ, ಜೊತೆಗೆ ಸೋಂಕೋ ಯಾವುದೋ ಮಾತ್ರೆಯೋ ಸೇರಿದರೆ ಮುಗೀತು, ಎಂಥ ಗಟ್ಟಿ ಮನುಷ್ಯನಿಗೂ ತಾನೆಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಅಪ್ಪನ ಕನ್ನಡಕ ಬ್ಯಾಗಿನಲ್ಲೇ ಇತ್ತು. ಹಾಕಿಸಿದೆ, ಜಗಳ ಮಾಡಿ ಕೈ ಬಿಚ್ಚಿಸಿದೆ, ಪಕ್ಕ ಕೂತು "ಇವತ್ತು ಮಂಗಳವಾರ ಅಪ್ಪಾ, ಹಸು ಅಣ್ಣ ಕಟ್ಟಿದ್ದಾನೆ" ಅಂದೆ. ಎರಡು ದಿನಕ್ಕೆ ಸರಿಹೋದರು.

ಕನ್ನಡಕ, ಕಿವಿ ಮೆಷಿನ್, ಹಲ್ಲಿನ ಸೆಟ್ಟು, ಇವು ರೋಗಿಯ ಜೊತೆಗೇ ಹೋಗಬೇಕು. ಡಾಕ್ಟರ್ ಒಪ್ಪಿದ ಕೂಡಲೇ ಎಬ್ಬಿಸಿ ಕೂರಿಸಿ, ನಡೆಸಿ. ಆ ವಯಸ್ಸಿನಲ್ಲಿ ನಾಲ್ಕು ದಿನ ಸುಮ್ನೆ ಮಲಗಿದರೂ ಕಾಲಿನ ಶಕ್ತಿ ಹೋಗುತ್ತದೆ.

ಇನ್ನು ಡಿಸ್ಚಾರ್ಜ್ ದಿನ. ಬಿಲ್ಲಿನ ಗಡಿಬಿಡಿಯಲ್ಲಿ ಮಾತ್ರೆ ಚೀಟಿ ಜೇಬಿಗೆ ಹೋಗುತ್ತದೆ, ಅಲ್ವಾ? ಹಳೇ ಮಾತ್ರೆಗಳನ್ನೂ ತಂದು ಯಾವುದು ಇರಲಿ, ಯಾವುದು ಬೇಡ ಅಂತ ಕೂತು ಕೇಳಿಕೊಳ್ಳಿ. ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೈಯಲ್ಲಿ ನೀರು ನಿಲ್ಲಿಸುತ್ತವೆ, ಹಾರ್ಟ್ ಫೇಲ್ಯೂರ್ (ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗುವುದು) ಇದ್ದವರನ್ನು ಮತ್ತೆ ವಾರ್ಡಿಗೆ ತರುತ್ತವೆ. ಅಂಥವರ ತೂಕವನ್ನು ದಿನಾ ಬೆಳಗ್ಗೆ ನೋಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರು, ಕಾಲು ಊದುವವರೆಗೆ ಕಾಯದೆ ಫೋನ್ ಮಾಡಿ. ನಮ್ಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಪ್ಪನ ತೂಕ ಬರೆದಿರುತ್ತದೆ. ಈಗ ಅವರೇ ಬರೆಯುತ್ತಾರೆ.