ಚೀಟಿ ಎತ್ತುವ ಕೈಗೂ ಕಾವಲು

ಪ್ರಾಚೀನ ಯೆಹೂದಿ ಗ್ರಂಥಗಳಲ್ಲಿ ಚೀಟಿ ಎತ್ತುವ ಪ್ರಸಂಗ ಬಂದರೆ ಸಾಕು, ಅದನ್ನು ಹಣೆಬರಹದ ಖಾತೆಗೆ ಸೇರಿಸಿ ಮುಂದೆ ಹೋಗಿಬಿಡುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. ಚೀಟಿಯ ಫಲ ಯಾರ ಕೈಲಿದೆ ಅನ್ನುವುದರಲ್ಲಿ ಆ ಗ್ರಂಥ ಬರೆದವರಿಗೆ ಸಂಶಯವೇ ಇರಲಿಲ್ಲ. ಚೀಟಿ ಮಡಿಲಿಗೆ ಬೀಳುತ್ತದೆ, ತೀರ್ಪು ಯೆಹೋವನದು, ಅಂದರೆ ದೇವರದು, ಅನ್ನುತ್ತದೆ ಬೈಬಲಿನ ಜ್ಞಾನೋಕ್ತಿ 16:33. ಅವರ ತಲೆನೋವು ಬೇರೆಯೇ ಇತ್ತು: ಆ ತೀರ್ಪಿನ ನಡುವೆ ಮನುಷ್ಯನ ಕೈಚಳಕ ನುಸುಳದಂತೆ ತಡೆಯುವುದು ಹೇಗೆ?

ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನ, ಯೆರೂಸಲೇಮಿನ ದೇವಾಲಯದಲ್ಲಿ ಎರಡು ಹೋತಗಳನ್ನು ತಂದು ನಿಲ್ಲಿಸುತ್ತಿದ್ದರು. ಒಂದು ಯೆಹೋವನಿಗೆ ಬಲಿ. ಇನ್ನೊಂದು ಅಜಾಜೇಲನಿಗೆ (ಈ ಹೆಸರಿನ ಅರ್ಥದ ಬಗ್ಗೆ ಒಮ್ಮತವಿಲ್ಲ), ಅದನ್ನು ಬೆಂಗಾಡಿಗೆ ಅಟ್ಟಬೇಕು. ಯಾವುದು ಯಾರಿಗೆ ಅನ್ನುವುದನ್ನು ಚೀಟಿ ಹೇಳಬೇಕು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಧರ್ಮನಿಯಮಗಳ ಸಂಗ್ರಹ ಮಿಶ್ನಾದ 'ಯೋಮಾ' ಭಾಗ ಇದರ ವಿವರ ಕೊಡುತ್ತದೆ. ಎರಡೂ ಹೋತಗಳು ನೋಟದಲ್ಲಿ, ಎತ್ತರದಲ್ಲಿ, ಬೆಲೆಯಲ್ಲಿ ಸಮನಾಗಿರಬೇಕು, ಒಟ್ಟಿಗೇ ಕೊಂಡಿರಬೇಕು. ಚೀಟಿಯ ಬಿಲ್ಲೆಗಳು ಮೊದಲು ಮರದವು, ಆಮೇಲೆ ಬೆನ್ ಗಮ್ಲಾ ಎಂಬ ಮಹಾಯಾಜಕ ಚಿನ್ನದವನ್ನು ಮಾಡಿಸಿದ. ಒಂದು ಚಿನ್ನದ್ದು ಒಂದು ಬೆಳ್ಳಿಯದ್ದು, ಒಂದು ದೊಡ್ಡದು ಒಂದು ಚಿಕ್ಕದು ಇರಕೂಡದು. ಬೆರಳಿಗೆ ವ್ಯತ್ಯಾಸ ಗೊತ್ತಾದರೆ ಕೆಲಸ ಕೆಟ್ಟಿತು! ಮಹಾಯಾಜಕ ಪೆಟ್ಟಿಗೆಯನ್ನು ಅಲುಗಾಡಿಸಿ, ಎರಡೂ ಕೈ ಹಾಕಿ ಥಟ್ಟನೆ ಎತ್ತಬೇಕು. ಯಾಕೆ ಥಟ್ಟನೆ? ತಡವಿ ಆರಿಸಿಕೊಳ್ಳಲು ಅವಕಾಶ ಸಿಗಬಾರದು ಅಂತ ಮಿಶ್ನಾವನ್ನು ಚರ್ಚಿಸುವ ಗ್ರಂಥ ತಾಲ್ಮೂದ್ ಸ್ಪಷ್ಟವಾಗಿ ಹೇಳುತ್ತದೆ. ಚೀಟಿ ಎತ್ತಿದ ಮೇಲೆ ಒಂದು ಹೋತ ಸತ್ತರೆ ಇನ್ನೊಂದನ್ನು ತಂದು ಜೋಡಿಸಿದರಾಗದು. ಹೊಸ ಜೋಡಿಯನ್ನೇ ತಂದು ಮತ್ತೆ ಚೀಟಿ ಹಾಕಬೇಕು.

ಮಹಾಯಾಜಕನನ್ನೇ ನಂಬದ ವ್ಯವಸ್ಥೆ ಇದು. ನನ್ನ ಪ್ರಕಾರ ಇದರಲ್ಲಿ ಅಶ್ರದ್ಧೆ ಇಲ್ಲ. ದೇವರ ತೀರ್ಪು ಅಂತ ನಿಜವಾಗಿ ನಂಬಿದವನು ಮಾತ್ರ ಇಷ್ಟು ಕಟ್ಟುನಿಟ್ಟು ಮಾಡುತ್ತಾನೆ.

ದಿನನಿತ್ಯದ ಸೇವೆಗೂ ಚೀಟಿಯಿತ್ತು, ದಿನಕ್ಕೆ ನಾಲ್ಕು ಸಲ. ಬಲಿಪೀಠದ ಬೂದಿ ತೆಗೆಯುವ ಹಕ್ಕಿಗೆ ಮೊದಲು ಓಟದ ಪಂದ್ಯವೇ ನಡೆಯುತ್ತಿತ್ತು: ಇಳಿಜಾರು ಹತ್ತಿ ಮೊದಲು ತಲುಪಿದವನಿಗೆ ಸೇವೆ. ಒಮ್ಮೆ ಇಬ್ಬರು ಸಮಸಮ ಓಡುವಾಗ ಒಬ್ಬ ಇನ್ನೊಬ್ಬನನ್ನು ತಳ್ಳಿ, ಬಿದ್ದವನ ಕಾಲು ಮುರಿಯಿತು. ಆಮೇಲೆ ಚೀಟಿ ಬಂತು. ವಿಧಿಯ ರಹಸ್ಯ ತಿಳಿಯಲು ಬಂದದ್ದಲ್ಲ, ನೋಡಿ, ಕಾಲು ಮುರಿದದ್ದಕ್ಕೆ ಬಂದದ್ದು.

ಈ ಚೀಟಿ ಅಂದರೆ ಒಂದು ಎಣಿಕೆ. ಯಾಜಕರು ವೃತ್ತಾಕಾರದಲ್ಲಿ ನಿಲ್ಲುತ್ತಾರೆ. ಅರವತ್ತೋ ನೂರೋ, ಅಲ್ಲಿ ನಿಂತವರಿಗಿಂತ ದೊಡ್ಡದೊಂದು ಸಂಖ್ಯೆ ಗೊತ್ತುಮಾಡುತ್ತಾರೆ. ಮೇಲ್ವಿಚಾರಕ ಒಬ್ಬನ ಪೇಟ ತೆಗೆದರೆ ಎಣಿಕೆ ಅವನಿಂದ ಶುರು. ಇಸ್ರಾಯೇಲರ ತಲೆ ಎಣಿಸುವಂತಿಲ್ಲ, ಹಾಗಾಗಿ ಎಲ್ಲರೂ ಬೆರಳು ಚಾಚುತ್ತಾರೆ. ಎಣಿಕೆ ಮುಗಿದ ಬೆರಳಿನವನಿಗೆ ಸೇವೆ. ಆದರೆ ಹೆಬ್ಬೆರಳು ಚಾಚಕೂಡದು, ಮೋಸಗಾರರ ದೆಸೆಯಿಂದ. ಸರದಿ ಹತ್ತಿರ ಬರುವಾಗ ಹೆಬ್ಬೆರಳನ್ನು ದೂರಕ್ಕೆ ಚಾಚಿದರೆ ಇಬ್ಬರು ನಿಂತಂತೆ ಕಾಣುತ್ತದೆ, ಎಣಿಕೆ ತಪ್ಪುತ್ತದೆ. ಧೂಪದ ಸೇವೆಗಂತೂ ಹಿಂದೆ ಒಮ್ಮೆಯೂ ಮಾಡದವರನ್ನೇ ಕರೆಯುತ್ತಿದ್ದರು. ಅದು ಐಶ್ವರ್ಯ ತರುತ್ತದೆಂಬ ನಂಬಿಕೆಯಿತ್ತು, ಅದಕ್ಕೇ ಎಲ್ಲರಿಗೂ ಅವಕಾಶ ಸಿಗಲಿ ಅಂತ.

ಹಾಗಾದರೆ ಮೊದಲೇ ನಿಶ್ಚಯವಾದ ವಿಧಿಯ ಮಾತು ಎಲ್ಲೂ ಇಲ್ಲವೇ? ಇದೆ. 1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಯೆಹೂದಿ ಸಮುದಾಯವೊಂದರ ನಿಯಮಾವಳಿಯಿದೆ. ಅದರ ಪ್ರಕಾರ ಜನರು ದೇವರ ಪಾಲಿನವರು, ಕೆಡುಕಿನ ಒಡೆಯ ಬೆಲಿಯಾಳನ ಪಾಲಿನವರು ಅಂತ ಎರಡು ಭಾಗ, ಮೊದಲ ಗುಂಪಿಗೆ ಆಶೀರ್ವಾದ, ಎರಡನೆಯದಕ್ಕೆ ಶಾಪ. ಆದರೂ ಅದೇ ನಿಯಮಾವಳಿ ಪ್ರತಿಯೊಬ್ಬ ಸದಸ್ಯನ ತಿಳಿವಳಿಕೆಯನ್ನೂ ನಡತೆಯನ್ನೂ ವರ್ಷವರ್ಷ ಪರೀಕ್ಷಿಸಬೇಕು ಅನ್ನುತ್ತದೆ. ಈ ವಿಷಯದಲ್ಲಿ ಯೆಹೂದಿಗಳೆಲ್ಲ ಒಮ್ಮತದಲ್ಲೂ ಇರಲಿಲ್ಲ. ಇತಿಹಾಸಕಾರ ಜೋಸೆಫಸ್ ಪ್ರಕಾರ ಅವರ ಪಂಗಡಗಳಲ್ಲಿ ಎಸ್ಸೀನರಿಗೆ ಎಲ್ಲವೂ ವಿಧಿ, ಸದ್ದುಕಾಯರಿಗೆ ವಿಧಿಯೇ ಇಲ್ಲ, ಫರಿಸಾಯರಿಗೆ ವಿಧಿಯೂ ಮನುಷ್ಯನ ಇಚ್ಛೆಯೂ ಅಷ್ಟಷ್ಟು.

ಚೀಟಿ ಹಾಕಿದವನ ಇಷ್ಟದಂತೆಯೇ ಫಲ ಬರಬೇಕೆಂದಿಲ್ಲ. ಬೈಬಲಿನ ಎಸ್ತೇರಳ ಪುಸ್ತಕದಲ್ಲಿ ಪಾರಸಿಯ ರಾಜನ ಮಂತ್ರಿ ಹಾಮಾನ್ ಯೆಹೂದಿಗಳ ಸಂಹಾರಕ್ಕೆ ಚೀಟಿ ಹಾಕಿಸಿ ದಿನ ಗೊತ್ತುಮಾಡುತ್ತಾನೆ. ಆ ದಿನವೇ ತಲೆಕೆಳಗಾಗಿ ಯೆಹೂದಿಗಳು ಪಾರಾದ ನೆನಪಿನ ಪೂರಿಮ್ ಹಬ್ಬಕ್ಕೆ ಕಾರಣವಾಗುತ್ತದೆ.

ಇನ್ನು ಆ ಎರಡು ಹೋತಗಳ ವಿಷಯದಲ್ಲಿ ಯೆಹೋವನ ಚೀಟಿ ಬಲಗೈಗೆ ಬಂದರೆ ಶುಭ ಅಂತ ಜನ ನೋಡುತ್ತಿದ್ದರು. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾಗುವ ಮುಂಚಿನ ನಲವತ್ತು ವರ್ಷ ಅದು ಬಲಗೈಗೆ ಬರಲೇ ಇಲ್ಲ ಅನ್ನುತ್ತದೆ ತಾಲ್ಮೂದ್. ಎಡಗೈಗೆ ಬಂದದ್ದನ್ನು ಬಲಕ್ಕೆ ಬದಲಾಯಿಸಬಹುದೇ ಅಂತ ಶಿಷ್ಯರು ಧರ್ಮಗುರು ರಬ್ಬಿ ಅಕಿವಾರನ್ನು ಕೇಳಿದರು. ಬೇಡ, ಹಾಗೆ ಮಾಡಿ ಎದುರಾಳಿಗಳ ಬಾಯಿಗೆ ಸಿಗಬೇಡಿ ಅಂದರು ಅಕಿವಾ.