ಒಂದು ಲೀಟರ್ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸ ಕಾರು ಕೊಂಡವರು ಮೊದಲ ತಿಂಗಳಲ್ಲೇ ಕೇಳುವ ಮಾತು ಒಂದಿದೆ. ‘ಲೀಟರಿಗೆ 22 ಕಿಲೋಮೀಟರ್ ಕೊಡುತ್ತೆ ಅಂದಿದ್ದರು, ನಮಗೆ 14 ದಾಟುತ್ತಿಲ್ಲ. ಗಾಡಿಯಲ್ಲೇ ಏನೋ ತೊಂದರೆ ಇರಬೇಕು ಅಲ್ವಾ?’ ಎಷ್ಟೋ ಸಲ ಗಾಡಿಯಲ್ಲಿ ಏನೂ ತೊಂದರೆ ಇರುವುದಿಲ್ಲ. ಆ 22 ಬಂದದ್ದು ನಮ್ಮ ನಿಮ್ಮ ರಸ್ತೆಯಲ್ಲಿ ಅಲ್ಲ, ಪ್ರಯೋಗಾಲಯದಲ್ಲಿ. ಕಾರನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಪರೀಕ್ಷೆ ಸುಮಾರು 20 ನಿಮಿಷದ್ದು. ವೇಗ ಗಂಟೆಗೆ 90 ಕಿಲೋಮೀಟರ್ ಮೀರುವುದಿಲ್ಲ. ಎಸಿ ಹಾಕುವುದಿಲ್ಲ. ಹಂಪ್ಸ್ ಇಲ್ಲ, ಗುಂಡಿ ಇಲ್ಲ, ದಿಢೀರನೆ ಅಡ್ಡ ಬರುವ ಬೈಕ್ ಇಲ್ಲ. ಎರಡು ಕಾರುಗಳಲ್ಲಿ ಯಾವುದು ಮೇಲು ಅಂತ ನೋಡುವುದಕ್ಕೆ ಆ ಅಂಕಿ ಸಾಕು. ನಮ್ಮ ದಾರಿಯಲ್ಲಿ ನಮ್ಮ ಕಾರು ಎಷ್ಟು ಕೊಡುತ್ತದೆ ಅನ್ನುವುದು ಬೇರೆಯೇ ಲೆಕ್ಕ.

ಟ್ಯಾಂಕಿಗೆ ಹಾಕಿಸಿದ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರದವರೆಗೆ ಬಂದು ಮುಟ್ಟುವುದು ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಬಿಸಿಯಾಗಿ ಸೈಲೆನ್ಸರಿನಿಂದ, ರೇಡಿಯೇಟರಿನಿಂದ ಹೊರಗೆ ಹೋಗುತ್ತದೆ. ಎಂಜಿನ್ನಿನ ಸ್ವಭಾವವೇ ಹಾಗೆ, ನಾವು ಅದನ್ನು ಬದಲಿಸಲಾರೆವು. ಆದರೆ ಚಕ್ರಕ್ಕೆ ಮುಟ್ಟಿದ ಆ ಕಾಲು ಭಾಗವನ್ನು ಹೇಗೆ ಖರ್ಚು ಮಾಡುತ್ತೇವೆ ಅನ್ನುವುದು ನಮ್ಮ ಕೈಯಲ್ಲಿದೆ. ಸರಿಯಾಗಿ ಹೇಳಬೇಕೆಂದರೆ ನಮ್ಮ ಬಲಗಾಲಿನಲ್ಲಿದೆ.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ನ್ನೇ ತೆಗೆದುಕೊಳ್ಳೋಣ. ಸುಮಾರು 350 ಕಿಲೋಮೀಟರ್. ಊರೊಳಗಿನ ಟ್ರಾಫಿಕ್, ಬಯಲಿನ ಹೆದ್ದಾರಿ, ಘಾಟಿ, ಮೂರೂ ಈ ಒಂದೇ ದಾರಿಯಲ್ಲಿ ಸಿಗುತ್ತವೆ.

ಊರು ದಾಟುವ ಮೊದಲೇ ನೋಡಿ. ಮುಂದೆ ಸಿಗ್ನಲ್ ಕೆಂಪಾಗಿರುವುದು ಕಾಣುತ್ತಿರುತ್ತದೆ. ಆದರೂ ಆಕ್ಸಿಲರೇಟರ್ ಒತ್ತಿಕೊಂಡು ಹೋಗಿ, ಹತ್ತಿರ ಬಂದ ಮೇಲೆ ಬ್ರೇಕ್ ಹಾಕುತ್ತೇವೆ. ಆ ಬ್ರೇಕಿನಲ್ಲಿ ಏನಾಯಿತು? ಜನ ಸೇರಿ 1100 ಕಿಲೋ ತೂಗುವ ಕಾರು 60ರ ವೇಗದಲ್ಲಿದೆ ಅಂತಿಟ್ಟುಕೊಳ್ಳಿ. ಅದನ್ನು ಆ ವೇಗಕ್ಕೆ ತರಲು ಹತ್ತಿರ ಹತ್ತಿರ 20 ಮಿಲಿಲೀಟರ್ ಪೆಟ್ರೋಲ್ ಉರಿದಿರುತ್ತದೆ. ಅಂದರೆ ನಾಲ್ಕು ಸಣ್ಣ ಚಮಚ. ಬ್ರೇಕ್ ಒತ್ತಿ ನಿಲ್ಲಿಸಿದಾಗ ಆ ನಾಲ್ಕು ಚಮಚದಿಂದ ಬಂದ ಓಟವೆಲ್ಲ ಬ್ರೇಕ್ ಪ್ಯಾಡಿನ ಬಿಸಿಯಾಗಿ ಗಾಳಿಗೆ ಸೇರಿತು. ಮತ್ತೆ ಹೊರಡಬೇಕಾದರೆ ಮತ್ತೆ ನಾಲ್ಕು ಚಮಚ. ಹೀಗೆ 50 ಸಲ ಮಾಡಿದರೆ ಒಂದು ಲೀಟರ್ ಬರೀ ನಿಲ್ಲುವುದಕ್ಕೇ ಖರ್ಚಾಯಿತು. 60ರ ಬದಲು 30ರಲ್ಲಿ ಇದ್ದಿದ್ದರೆ ನಷ್ಟ ಅರ್ಧವಲ್ಲ, ಕಾಲು ಭಾಗ. ವೇಗ ಇಮ್ಮಡಿಯಾದರೆ ಅದರ ಹಿಂದಿನ ಖರ್ಚು ನಾಲ್ಕು ಪಟ್ಟಾಗುತ್ತದೆ.

ಹಾಗಂತ ಬ್ರೇಕ್ ಹಾಕಬೇಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಬೇಕಾದಾಗ ಪೂರ್ತಿ ಒತ್ತಿ. ನಾನು ಹೇಳುವುದು ಅದಕ್ಕಿಂತ ಮುಂಚಿನ ಕೆಲಸ. ಕಣ್ಣು ಮುಂದಿನ ಗಾಡಿಯ ಬಂಪರ್ ಮೇಲಲ್ಲ, ಅದರಾಚೆ ಇರಲಿ. ಹಂಪ್ಸ್ ಕಂಡಿತೋ, ಬಸ್ ನಿಲ್ದಾಣದಲ್ಲಿ ಬಸ್ ನಿಧಾನವಾಯಿತೋ, ಆಗಲೇ ಕಾಲು ತೆಗೆಯಿರಿ, ಗೇರಿನಲ್ಲೇ ಬಿಡಿ. ಇಂಜೆಕ್ಷನ್ ಇರುವ ಕಾರಿನಲ್ಲಿ, ಅಂದರೆ ಕಂಪ್ಯೂಟರ್ ಅಳೆದು ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಈಗಿನ ಕಾರುಗಳಲ್ಲಿ, ಗೇರಿನಲ್ಲಿ ಓಡುವಾಗ ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ವೇಗ ತೀರಾ ಇಳಿದು ಎಂಜಿನ್ ನಿಂತುಹೋಗುವ ಹಂತ ಬಂದಾಗಲೇ ಮತ್ತೆ ಪೆಟ್ರೋಲ್ ಬಿಡುತ್ತದೆ. ಇಷ್ಟು ಒಳ್ಳೆಯ ಏರ್ಪಾಡು ಗಾಡಿಯಲ್ಲೇ ಇದೆ. ಅದನ್ನು ಬಳಸದೆ ಕೊನೇ ಗಳಿಗೆಯಲ್ಲಿ ಬ್ರೇಕ್ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗೊರಗುಂಟೆಪಾಳ್ಯದಂಥ ಸಿಗ್ನಲಿನಲ್ಲಿ ನಿಂತಾಗ ಎಂಜಿನ್ ಸುಮ್ನೆ ಓಡುತ್ತಿರುತ್ತದೆ. ಸಣ್ಣ ಪೆಟ್ರೋಲ್ ಕಾರು ನಿಂತಲ್ಲೇ ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ. ಎಸಿ ಇದ್ದರೆ ಇನ್ನೂ ಜಾಸ್ತಿ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕು ಅಂತ ಗೊತ್ತಿದ್ದರೆ ಆಫ್ ಮಾಡಿಬಿಡಿ. ಇನ್ನು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಇದ್ದರೆ ಅದನ್ನು ಇವತ್ತೇ ಬಿಡಿ. ಪೆಟ್ರೋಲೂ ಹೋಗುತ್ತದೆ, ಕ್ಲಚ್ ಪ್ಲೇಟೂ ಹೋಗುತ್ತದೆ.

ನೆಲಮಂಗಲ ದಾಟಿದರೆ ರಸ್ತೆ ಬಿಡುವಾಗುತ್ತದೆ. ಇಲ್ಲಿ ಖರ್ಚು ಮಾಡಿಸುವುದು ಗಾಳಿ. ಕಾರು ಗಾಳಿಯನ್ನು ಸೀಳಿಕೊಂಡು ಹೋಗಬೇಕಲ್ಲ, ಆ ತಡೆ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಹೋಗುವುದಕ್ಕಿಂತ 100ರಲ್ಲಿ ತಡೆ ಒಂದೂವರೆ ಪಟ್ಟು, 120ರಲ್ಲಿ ಎರಡೂಕಾಲು ಪಟ್ಟು. ಕುಣಿಗಲ್, ಚನ್ನರಾಯಪಟ್ಟಣದ ಕಡೆ ರಸ್ತೆ ಚೆನ್ನಾಗಿದೆ ಅಂತ ಕಾಲು ತಾನಾಗಿ ಒತ್ತುತ್ತದೆ. 100 ಕಿಲೋಮೀಟರ್ ದಾರಿಯನ್ನು 100ರ ಬದಲು 80ರಲ್ಲಿ ಹೋದರೆ ತಡವಾಗುವುದು ಕಾಲು ಗಂಟೆ. ಕಾರಿನ ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ, ಸಾಮಾನು ಇಲ್ಲದಿದ್ದರೂ ಅದು ಗಾಳಿಯನ್ನು ತಡೆಯುತ್ತಲೇ ಇರುತ್ತದೆ. ಎಸಿಯೋ ಕಿಟಕಿಯೋ ಅಂತ ಕೇಳುತ್ತಾರೆ. ಊರೊಳಗೆ ನಿಧಾನ ಹೋಗುವಾಗ ಕಿಟಕಿ ತೆರೆಯಿರಿ, ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ.

ಹೊರಡುವ ಮೊದಲು ಟೈರಿಗೆ ಗಾಳಿ ನೋಡಿಸಿದಿರಾ? ಗಾಳಿ ಕಡಿಮೆಯಿರುವ ಸೈಕಲ್ ತುಳಿದವರಿಗೆ ನಾನು ಬೇರೆ ವಿವರಿಸಬೇಕಿಲ್ಲ, ಕಾರಿನ ಎಂಜಿನ್ನಿಗೂ ಅದೇ ಪಾಡು. ಎಷ್ಟು ಗಾಳಿ ಬೇಕು ಅನ್ನುವುದು ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಒಳಗಿನ ಚೌಕಟ್ಟಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಪಂಚರ್ ಅಂಗಡಿಯವರ ಅಂದಾಜಿಗೆ ಬಿಡಬೇಡಿ, ಆ ಅಂಕಿ ಹೇಳಿ ಹಾಕಿಸಿ. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಮೀಟರ್ ಜಾಸ್ತಿ ತೋರಿಸುತ್ತದೆ.

ಸಕಲೇಶಪುರ ಕಳೆದು ಶಿರಾಡಿ ಘಾಟಿ ಇಳಿಯುವಾಗ ಒಂದು ಅಪಾಯದ ಉಳಿತಾಯ ನಡೆಯುತ್ತದೆ. ನ್ಯೂಟ್ರಲ್‌ಗೆ ಹಾಕಿ ಇಳಿಸುವುದು, ಕೆಲವರು ಎಂಜಿನ್ನನ್ನೇ ಆಫ್ ಮಾಡುವುದು. ದಯವಿಟ್ಟು ಇದನ್ನು ಮಾಡಬೇಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಪೆಟ್ರೋಲ್ ಬೇಕೇ ಬೇಕು. ಗೇರಿನಲ್ಲಿ ಇಳಿದರೆ ಅದೂ ಬೇಡ. ಅಂದರೆ ಉಳಿತಾಯವೂ ಗೇರಿನಲ್ಲೇ. ಎಂಜಿನ್ ಆಫ್ ಮಾಡಿದರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಸಹಾಯ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗೂ ಭಾರವಾಗುತ್ತದೆ. ಎದುರಿಗೆ ಟ್ಯಾಂಕರ್ ಬರುವ ತಿರುವಿನಲ್ಲಿ ಅದು ಯಾರಿಗೂ ಬೇಡ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿಯಿರಿ.

ಮಂಗಳೂರು ತಲುಪಿ ಲೆಕ್ಕ ಹಾಕಿದರೆ ಮೈಲೇಜ್ ಚೆನ್ನಾಗಿ ಬಂದಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನೀವು ಅಷ್ಟು ಇಳಿದು ಬಂದಿದ್ದೀರಿ. ವಾಪಸ್ ಬರುವಾಗ ಅದೇ ಕಾರನ್ನು 900 ಮೀಟರ್ ಮೇಲೆತ್ತಲು ಸುಮಾರು ಒಂದು ಲೀಟರ್ ಹೆಚ್ಚಿಗೆ ಬೇಕು. ಹೋದದ್ದು ಬಂದದ್ದು ಸೇರಿಸಿ ಲೆಕ್ಕ ಹಾಕಿ.

ಇಷ್ಟೆಲ್ಲ ನೋಡಿಕೊಂಡರೂ ಮೈಲೇಜ್ ಬಿದ್ದರೆ ಗಾಡಿಯ ಕಡೆ ತಿರುಗಬೇಕು. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಸರ್ವಿಸಿನಲ್ಲಿ ನೋಡುತ್ತಾರೆ. ನೋಡದೆ ಉಳಿಯುವುದು ಹಿಡಿದುಕೊಂಡ ಬ್ರೇಕ್. ಮಳೆಗಾಲದ ಕೆಸರು, ತುಕ್ಕು ಸೇರಿ ಬ್ರೇಕ್ ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಬಿಗಿಯಾಗುತ್ತದೆ. ಕಾಲು ತೆಗೆದರೂ ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ. ಹತ್ತು ಕಿಲೋಮೀಟರ್ ಆದಷ್ಟು ಬ್ರೇಕ್ ಹಾಕದೆ ಓಡಿಸಿ, ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತದೆ. ಮುಂದಿನ ಎರಡು ಚಕ್ರ ಸಮನಾಗಿ ಬೆಚ್ಚಗಿರಬೇಕು, ಹಿಂದಿನ ಎರಡೂ ಹಾಗೇ. ಜೋಡಿಯಲ್ಲಿ ಒಂದರಿಂದ ಮಾತ್ರ ಜೋರಾಗಿ ಬಿಸಿ ಹೊಡೆದರೆ, ಸುಟ್ಟ ವಾಸನೆ ಬಂದರೆ ಆ ಬ್ರೇಕ್ ಹಿಡಿದಿದೆ ಅಂತಲೇ ಲೆಕ್ಕ.

ಇನ್ನೊಂದು ಥರ್ಮೋಸ್ಟ್ಯಾಟ್ ವಾಲ್ವ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಅದರ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು. ಎಂಜಿನ್ ಬಿಸಿಯಾಗುತ್ತದೆ ಅಂತ ಕೆಲವು ಗ್ಯಾರೇಜುಗಳಲ್ಲಿ ಅದನ್ನು ಕಿತ್ತೇಬಿಡುತ್ತಾರೆ. ಆಮೇಲೆ ಎಂಜಿನ್ ಬೇಕಾದಷ್ಟು ಬಿಸಿಗೆ ಬರುವುದೇ ಇಲ್ಲ. ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಎಷ್ಟು ಓಡಿಸಿದರೂ ಮೇಲೇಳದಿದ್ದರೆ ಇದನ್ನು ಕೇಳಿ ನೋಡಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಇರುತ್ತದೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಹಳೆಯ ಕಾರಿನಲ್ಲಿ ಮೈಲೇಜ್ ಸ್ವಲ್ಪ ಇಳಿದರೆ ಅದು ನಿಮ್ಮ ತಪ್ಪೂ ಅಲ್ಲ, ಮೆಕ್ಯಾನಿಕ್ ತಪ್ಪೂ ಅಲ್ಲ. ಅದಕ್ಕೆ ಮದ್ದು ಅಂತ ಹೆಚ್ಚು ಬೆಲೆಯ ಹೈ ಆಕ್ಟೇನ್ ಪೆಟ್ರೋಲ್ ಹಾಕಿಸಬೇಡಿ. ಅದಕ್ಕೆಂದೇ ಮಾಡದ ಎಂಜಿನ್ನಿನಲ್ಲಿ ಅದರಿಂದ ಮೈಲೇಜ್ ಏರುವುದಿಲ್ಲ.

ಲೆಕ್ಕ ಹೀಗೆ ಹಾಕಿ. ಬಂಕಿನಲ್ಲಿ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಕಿಲೋಮೀಟರ್ ಒಂದು ಪುಸ್ತಕದಲ್ಲಿ ಬರೆದಿಡಿ. ಎಂದಿನಂತೆ ಓಡಿಸಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವವರೆಗೆ ಹಾಕಿಸಿ. ನಡುವೆ ಓಡಿದ ಕಿಲೋಮೀಟರನ್ನು ಈ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಅಂಕಿ ನಂಬಬೇಡಿ, ನಾಲ್ಕೈದು ಸಲದ್ದು ಬೇಕು. ಆ ಪುಸ್ತಕ ಕಾರಿನಲ್ಲೇ ಇರಲಿ. ಯಾವ ತಿಂಗಳಿನಿಂದ ಮೈಲೇಜ್ ಇಳಿಯಿತು ಅಂತ ಅದರಲ್ಲಿ ತೋರಿಸಿದರೆ, ಎಲ್ಲಿಂದ ಹುಡುಕಬೇಕು ಅನ್ನುವುದು ಮೆಕ್ಯಾನಿಕ್‌ಗೂ ಗೊತ್ತಾಗುತ್ತದೆ.

ನಮಸ್ಕಾರ.