ಫ್ಲಾಟ್‌ನರ್ ಯಾವುದು ಅಂತ ಮೊದಲು ಕೇಳಿ

ನಮಸ್ಕಾರ. "80 ಎಂಎಂ ತಗೊಳ್ಳಲಾ, 100 ಎಂಎಂ ತಗೊಳ್ಳಲಾ? ಡಬ್ಲೆಟ್ ಸಾಕಾ, ಟ್ರಿಪ್ಲೆಟ್ಟೇ ಬೇಕಾ?" ಆಕಾಶದ ಫೋಟೊ ತೆಗೆಯೋಕೆ ಲೆನ್ಸಿನ ಟೆಲಿಸ್ಕೋಪು (ನಮ್ಮ ಮಾತಲ್ಲಿ ಟ್ಯೂಬು) ಕೊಳ್ಳಲು ಹೊರಟವರೆಲ್ಲ ಕೇಳೋದು ಇದನ್ನೇ: ಮುಂದಿನ ಲೆನ್ಸು ಎಷ್ಟು ಅಗಲ, ಅದರಲ್ಲಿ ಗಾಜು ಎರಡಾ, ಮೂರಾ ಅಂತ. ಕೇಳಬೇಕಾದ್ದೇ, ಆದರೆ ಎರಡನೆಯದಾಗಿ. ನಿಮ್ಮ ಕ್ಯಾಮೆರಾ ಸೆನ್ಸರ್ ಎಷ್ಟು ದೊಡ್ಡದು, ಅದರ ಮೂಲೆತನಕ ಚುಕ್ಕಿಯನ್ನ ಚುಕ್ಕಿಯಾಗೇ ಉಳಿಸೋ, ಕ್ಯಾಮೆರಾ ಮುಂದೆ ಕೂರಿಸೋ ತಿದ್ದುಪಡಿ ಲೆನ್ಸಾದ ಫ್ಲಾಟ್‌ನರ್ ಆ ಟ್ಯೂಬಿಗೆ ಸಿಗುತ್ತಾ? ಮೊದಲು ಇದು ಇತ್ಯರ್ಥ ಆಗ್ಲಿ.

ಯಾಕೆ ಅಂದ್ರೆ, ಲೆನ್ಸು ಬಿಂಬವನ್ನ ಸಪಾಟಾಗಿ ಮೂಡಿಸಲ್ಲ, ಬಾಣಲೆಯ ಒಳಮೈ ಥರ ಬಾಗಿಸಿ ಮೂಡಿಸುತ್ತೆ. ಸೆನ್ಸರ್ ಮಾತ್ರ ಚಪಾತಿ ಮಣೆ. ಆ ಬಾಗನ್ನ ಸಪಾಟು ಮಾಡೋದೇ ಫ್ಲಾಟ್‌ನರ್ ಕೆಲಸ. ಆ ಬಾಗಿನ ತ್ರಿಜ್ಯ ಸುಮಾರಾಗಿ ಫೋಕಲ್ ಲೆಂಗ್ತಿನ (ಲೆನ್ಸಿನಿಂದ ಬಿಂಬ ಮೂಡೋ ಜಾಗದವರೆಗಿನ ದೂರ) ಮೂರನೇ ಒಂದು ಭಾಗ. 400 ಎಂಎಂ ಟ್ಯೂಬು ಅಂದ್ರೆ 135 ಎಂಎಂ ಆಸುಪಾಸು. ಈಗ ಲೆಕ್ಕ ಹಾಕಿ: ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರೋ ಅಳತೆ) ಸೆನ್ಸರಿನ ಮೂಲೆ ಮಧ್ಯದಿಂದ 14 ಎಂಎಂ ದೂರ. ಅಲ್ಲಿ ಫೋಕಸ್ 0.7 ಎಂಎಂನಷ್ಟು ತಪ್ಪಿರುತ್ತೆ. ಅದಕ್ಕಿಂತ ದೊಡ್ಡ ಫುಲ್ ಫ್ರೇಮ್ ಸೆನ್ಸರಿನ ಮೂಲೆಯಲ್ಲಿ 1.7 ಎಂಎಂ. ಎಫ್/5.6ರಲ್ಲಿ (ಫೋಕಲ್ ಲೆಂಗ್ತು ಲೆನ್ಸಿನ ಅಗಲದ 5.6 ಪಟ್ಟು) ನಮಗಿರೋ ಫೋಕಸ್ ಸಡಿಲಿಕೆ 0.1 ಎಂಎಂಗಿಂತಲೂ ಕಡಿಮೆ! 11 ಎಂಎಂ ಚೌಕದ, ಸೋನಿಯ ಐಎಂಎಕ್ಸ್533 ಸೆನ್ಸರಿನಲ್ಲೂ ಮೂಲೆ 0.24 ಎಂಎಂ ಆಚೀಚೆ ಹೋಗಿರುತ್ತೆ. ಚಿಕ್ಕ ಸೆನ್ಸರಲ್ವಾ, ಫ್ಲಾಟ್‌ನರ್ ಬೇಡ ಅನ್ನೋರು ಈ ಅಂಕಿ ನೋಡಬೇಕು.

ಇನ್ನೊಂದು ಮಾತು ಓಡಾಡ್ತಾ ಇರುತ್ತೆ, "ಟ್ರಿಪ್ಲೆಟ್ ಅಲ್ವಾ, ಫ್ಲಾಟ್‌ನರ್ ಯಾಕೆ?" ಅಂತ. ಮೂರನೇ ಗಾಜು ಬಂದಿರೋದು ಬಣ್ಣ ಸರಿಪಡಿಸೋಕೆ. ಬಾಗು ಎಲ್ಲಿತ್ತೋ ಅಲ್ಲೇ ಇರುತ್ತೆ. ನನ್ನ ಕೇಳಿದ್ರೆ, ಎಫ್/6 ಅಥವಾ ಅದಕ್ಕಿಂತ ನಿಧಾನದ (ಎಫ್ ಅಂಕಿ ಹೆಚ್ಚಿರೋ) ಒಳ್ಳೆ ಇಡಿ ಡಬ್ಲೆಟ್ಟು, ಅಂದ್ರೆ ಬಣ್ಣ ಕಡಿಮೆ ಚದುರಿಸೋ ಗಾಜಿನದ್ದು, ಅದಕ್ಕೇ ಅಂತ ಮಾಡಿದ ಫ್ಲಾಟ್‌ನರ್, ಇವೆರಡರ ಜೋಡಿ ಮುಂದೆ ಯಾವುದೋ ಫ್ಲಾಟ್‌ನರ್ ಸಿಕ್ಕಿಸಿದ ದುಬಾರಿ ಟ್ರಿಪ್ಲೆಟ್ ನಿಲ್ಲಲ್ಲ. "ಎಲ್ಲಾ ಟೆಲಿಸ್ಕೋಪಿಗೂ ಆಗುತ್ತೆ" ಅಂತ ಮಾರೋ ಫ್ಲಾಟ್‌ನರ್ ಹಾಕಿದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಎಫ್‌ಪಿಎಲ್-53 ಗಾಜು (ಇಡಿ ಗಾಜಿನ ಒಂದು ಬಗೆ) ಅನ್ನೋ ಚೀಟಿ ನೋಡಿ ಮರುಳಾಗಬೇಡಿ. ಅದರ ಜೊತೆಗಾಜು ಯಾವುದು, ಉಜ್ಜಿದ್ದು ಹೇಗೆ ಅನ್ನೋದೂ ಅಷ್ಟೇ ಮುಖ್ಯ.

ರೆಡ್ಯೂಸರ್ (ಫೋಕಲ್ ಲೆಂಗ್ತು ಕಡಿಮೆ ಮಾಡೋ ಲೆನ್ಸು) ಸೇರಿದ ಫ್ಲಾಟ್‌ನರ್ ಆಸೆ ಹುಟ್ಟಿಸುತ್ತೆ. 480 ಎಂಎಂ ಎಫ್/6ಕ್ಕೆ 0.8 ಪಟ್ಟಿನದು ಹಾಕಿದ್ರೆ 384 ಎಂಎಂ ಎಫ್/4.8 ಆಗುತ್ತೆ. ಮೂರು ಡಿಗ್ರಿ ಉದ್ದದ ಆಂಡ್ರೊಮಿಡಾ ಗೆಲಾಕ್ಸಿ ಎಪಿಎಸ್-ಸಿ ಚೌಕಟ್ಟಿನಲ್ಲಿ ಪೂರ್ತಿ ಕೂರುತ್ತೆ, ಎಕ್ಸ್‌ಪೋಷರ್ ಸಮಯದಲ್ಲಿ ಮೂರನೇ ಒಂದು ಭಾಗ ಉಳಿತಾಯ ಆಗುತ್ತೆ. ಆದ್ರೆ ಫೋಕಸ್ ಸಡಿಲಿಕೆಯೂ ಅಷ್ಟೇ ಕಡಿಮೆಯಾಗುತ್ತೆ, ಸೆನ್ಸರಿನ ಸಣ್ಣ ಓರೆಯೂ ಎದ್ದು ಕಾಣುತ್ತೆ.

ಈಗ ಜನ ಎಡವೋ ಜಾಗ: ಬ್ಯಾಕ್ ಫೋಕಸ್, ಅಂದ್ರೆ ಫ್ಲಾಟ್‌ನರಿನಿಂದ ಸೆನ್ಸರಿನವರೆಗಿನ ದೂರ. ಹೆಚ್ಚಿನ ಫ್ಲಾಟ್‌ನರ್‌ಗಳಿಗೆ 55 ಎಂಎಂ, ಆದ್ರೂ ನಿಮ್ಮದಕ್ಕೆ ತಯಾರಕರು ಎಷ್ಟು ಹೇಳಿದ್ದಾರೆ ನೋಡ್ಕೊಳ್ಳಿ. ಅಳತೆ ಶುರುವಾಗೋದು ಲೋಹದ ಅಂಚಿಂದ, ಆಚೆ ಚಾಚಿರೋ ತಿರುಪಿನ ಥ್ರೆಡ್ಡಿಂದ ಅಲ್ಲ. ಥ್ರೆಡ್ಡು ಒಳಗೆ ಕೂತುಬಿಡುತ್ತೆ, ಲೆಕ್ಕಕ್ಕಿಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್ ಒಳಗೆ 44 ಎಂಎಂ ಇದೆ, ಟಿ-ರಿಂಗ್ (ಕ್ಯಾಮೆರಾವನ್ನ ಫ್ಲಾಟ್‌ನರಿಗೆ ಕೂಡಿಸೋ ರಿಂಗ್) 11, ಸರಿಯಾಗಿ 55. ಕೂಲ್ಡ್ ಕ್ಯಾಮೆರಾ (ಸೆನ್ಸರನ್ನ ತಣ್ಣಗಿಡೋದು) ಆದ್ರೆ ಸಾಮಾನ್ಯವಾಗಿ 17.5, ಅದಕ್ಕೆ 21 ಮತ್ತು 16.5ರ ಸ್ಪೇಸರ್, ಅಂದ್ರೆ ಅಂತರ ತುಂಬೋ ರಿಂಗ್. ಮಧ್ಯೆ 2 ಎಂಎಂ ದಪ್ಪದ ಫಿಲ್ಟರ್ ಬಂತಾ? ದಪ್ಪದ ಮೂರನೇ ಒಂದು ಭಾಗ ಸೇರಿಸಿ, 55.7 ಆಗ್ಲಿ. ಫಿಲ್ಟರ್ ಫ್ಲಾಟ್‌ನರಿನ ಮುಂದಿದ್ರೆ ಏನೂ ಸೇರಿಸೋದು ಬೇಡ. ಡಬ್ಬಿ ಮೇಲಿನ ಅಂಕಿ ನಂಬೋ ಬದಲು ಒಂದು ವರ್ನಿಯರ್ ಕ್ಯಾಲಿಪರ್ ಇಟ್ಕೊಳ್ಳಿ.

ಪರೀಕ್ಷೆಗೆ ನೆತ್ತಿಯ ಹತ್ತಿರದ ನಕ್ಷತ್ರ ತುಂಬಿದ ಜಾಗ, ಹತ್ತು ಸೆಕೆಂಡ್ ಎಕ್ಸ್‌ಪೋಷರ್. ನಾಲ್ಕೂ ಮೂಲೆ ಹಿಗ್ಗಿಸಿ ನೋಡಿ. ಚುಕ್ಕಿಗಳು ಮಧ್ಯದ ಕಡೆ ಬೊಟ್ಟು ಮಾಡೋ ಥರ ಉದ್ದಕ್ಕೆ ಎಳೆದಿದ್ರೆ ಸಾಮಾನ್ಯವಾಗಿ ಸೆನ್ಸರ್ ತೀರಾ ಹತ್ತಿರ ಇದೆ, ಸ್ಪೇಸರ್ ಸೇರಿಸಿ. ಮಧ್ಯದ ಸುತ್ತ ಗಿರಗಿರ ತಿರುಗಿದ ಹಾಗಿದ್ರೆ ದೂರ ಇದೆ, ತೆಗೀರಿ. ಮೊದಲು 1 ಎಂಎಂ ಬದಲಿಸಿ ಯಾವ ಕಡೆ ಸುಧಾರಿಸ್ತು ನೋಡಿ, ಆಮೇಲೆ 0.5, 0.3. ಮಧ್ಯದ ಚುಕ್ಕಿಗಳೂ ಅದೇ ದಿಕ್ಕಿಗೆ ಎಳೆದಿದ್ರೆ ಅದು ಟೆಲಿಸ್ಕೋಪನ್ನ ಆಕಾಶದ ಜೊತೆ ತಿರುಗಿಸೋ ಮೌಂಟಿನ ಟ್ರ್ಯಾಕಿಂಗ್ ತಪ್ಪು, ಪಾಪ, ಫ್ಲಾಟ್‌ನರನ್ನ ಬೈಬೇಡಿ. ಒಂದೇ ಮೂಲೆ ಕೆಟ್ಟಿದ್ರೆ ಕ್ಯಾಮೆರಾ ಓರೆಯಾಗಿ ಕೂತಿದೆ. ಸ್ಕ್ರೂ ಬಿಗಿಯೋ 2 ಇಂಚಿನ ಜೋಡಣೆಯಲ್ಲಿ ಕ್ಯಾಮೆರಾ ಭಾರಕ್ಕೆ ಜೋಲುತ್ತೆ. ಎಂ48 (48 ಎಂಎಂ ಅಗಲದ) ಥ್ರೆಡ್ಡಲ್ಲೇ ಕೂರಿಸಿ. ಅದಕ್ಕಿಂತ ಕಿರಿದಾದ ಎಂ42 ಹಾಕಿ ಫುಲ್ ಫ್ರೇಮ್ ಇಟ್ರೆ ಮೂಲೆ ಕತ್ತಲಾಗುತ್ತೆ. ಆಸ್‌ಟ್ಯಾಪ್ ಅನ್ನೋ ಉಚಿತ ತಂತ್ರಾಂಶ ಓರೆ ಎಷ್ಟು ಅಂತ ಅಳೆದು ತೋರಿಸುತ್ತೆ.

ಈ ಮಿಲಿಮೀಟರ್ ಸಹವಾಸವೇ ಬೇಡ ಅನ್ನೋರಿಗೆ ಪೆಟ್ಜ್‌ವಾಲ್ ಅನ್ನೋ ಬಗೆಯ ಟ್ಯೂಬು ಇದೆ, ಫ್ಲಾಟ್‌ನರ್ ಟ್ಯೂಬಿನೊಳಗೇ ಸೇರ್ಕೊಂಡಿರುತ್ತೆ. ರೆಡ್‌ಕ್ಯಾಟ್ 51 ಥರದ್ದು, 250 ಎಂಎಂ ಎಫ್/4.9. ಫೋಕಸ್ ಆದ್ರೆ ಸಾಕು, ಅಂತರದ ತಲೆನೋವು ಬಹುಮಟ್ಟಿಗೆ ಇಲ್ಲ. ಮೊದಲ ಟ್ಯೂಬಿಗೆ ನನ್ನ ಮತ ಇದಕ್ಕೇ. ಆದ್ರೆ ಒಳಗಿನ ಗಾಜು ಅಲುಗಿದ್ರೆ ಮನೇಲಿ ಬಿಚ್ಚಿ ಸರಿಮಾಡೋ ವಸ್ತು ಅಲ್ಲ. ಮುಂದೆ ಬೇರೆ ಫ್ಲಾಟ್‌ನರ್ ಹಾಕ್ತೀನಿ ಅನ್ನೋಕೂ ಆಗಲ್ಲ.

ಮಲೆನಾಡು, ಕರಾವಳಿಯವರು ಇನ್ನೊಂದು ಗಮನಿಸಿ. ಮಳೆಗಾಲದ ನಾಲ್ಕು ತಿಂಗಳು ಟ್ಯೂಬು ಹೇಗೂ ಮೂಲೆ ಸೇರುತ್ತೆ. ಫ್ಲಾಟ್‌ನರನ್ನ ಕ್ಯಾಮೆರಾ ಸಮೇತ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ಸ್ಪೇಸರ್ ಜೋಡಣೆ ಕಳಚಬೇಡಿ. ಕಳಚಲೇಬೇಕಾದ್ರೆ ಯಾವ ರಿಂಗ್ ಆದಮೇಲೆ ಯಾವುದು ಅಂತ ಒಂದು ಫೋಟೊ ತೆಗೆದಿಟ್ಕೊಳ್ಳಿ.